ಬೆಟ್ಟಕ್ಕೆ ರೇಡಿಯೊ ಒಯ್ಯುವವರಿಗೆ: ಲಿಥಿಯಂ ಬ್ಯಾಟರಿಯ ಸುರಕ್ಷಿತ ಬಳಕೆ

ಕುಂತಿಬೆಟ್ಟ, ಕರಿಘಟ್ಟ, ಮೇಲುಕೋಟೆಯ ಬಂಡೆಗಳು, ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲು ಎಂದು ಎಣಿಸುತ್ತ ಹೋದರೆ, ಮೈಸೂರು–ಮಂಡ್ಯ ಸೀಮೆಯ ಹವ್ಯಾಸಿ ರೇಡಿಯೊದವರಿಗೆ, ಅಂದರೆ ಹ್ಯಾಮ್‌ಗಳಿಗೆ, ಆಂಟೆನಾ ಕಟ್ಟಲು ಎತ್ತರದ ಜಾಗಗಳಿಗೆ ಬರವಿಲ್ಲ. ಬಹುಕಾಲ ಇಂಥ ಜಾಗಗಳಿಗೆ ಹೊತ್ತೊಯ್ಯುತ್ತಿದ್ದುದು ಯುಪಿಎಸ್‌ಗಳಲ್ಲಿ ಬಳಸುವ 12 ವೋಲ್ಟ್, 7 ಆಂಪಿಯರ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿಯನ್ನು. ಅದರ ತೂಕ ಎರಡು ಕಿಲೋ ದಾಟುತ್ತದೆ. ಆಯಸ್ಸು ಉಳಿಯಬೇಕಾದರೆ ಅದರಲ್ಲಿರುವ ವಿದ್ಯುತ್ತಿನ ಅರ್ಧದಷ್ಟನ್ನು ಮಾತ್ರ ಬಳಸಬೇಕು. ಅಷ್ಟೇ ಸಾಮರ್ಥ್ಯದ ಲಿಥಿಯಂ ಬ್ಯಾಟರಿ ಒಂದು ಕಿಲೋದ ಆಸುಪಾಸಿನಲ್ಲಿ ಸಿಗುತ್ತದೆ ಮತ್ತು ತನ್ನಲ್ಲಿರುವುದನ್ನು ಬಹುತೇಕ ಪೂರ್ತಿಯಾಗಿ ಬಿಟ್ಟುಕೊಡುತ್ತದೆ. ಆದ್ದರಿಂದ ಇಂದು ಯಾರೂ ಲೆಡ್ ಆಸಿಡ್ ಹೊತ್ತು ಬೆಟ್ಟ ಹತ್ತಲು ಬಯಸುವುದಿಲ್ಲ, ಬಯಸಬೇಕಾಗಿಯೂ ಇಲ್ಲ.

ಆದರೆ ಕಡಿಮೆ ತೂಕದಲ್ಲಿ ಹೆಚ್ಚು ಶಕ್ತಿ ತುಂಬಿರುವ ವಸ್ತುವನ್ನು ಬಳಸುವ ರೀತಿಯೇ ಬೇರೆ. ಈ ಬ್ಯಾಟರಿಯ ಸುರಕ್ಷತೆಯ ಬಹುಭಾಗ ತೀರ್ಮಾನವಾಗುವುದು ಬೆಟ್ಟ ಹತ್ತುವ ಮೊದಲೇ, ಮನೆಯ ಮೇಜಿನ ಮೇಲೆ: ಯಾವ ಬಗೆಯ ಸೆಲ್, ಯಾವ ಫ್ಯೂಸ್, ಯಾವ ಚಾರ್ಜರ್ ಎಂಬ ಆಯ್ಕೆಗಳಲ್ಲಿ. ಇವು ಸರಿಯಾಗಿದ್ದರೆ ಬೆಟ್ಟದ ಮೇಲೆ ಚಿಂತಿಸಬೇಕಾದ್ದು ಸ್ವಲ್ಪವೇ ಉಳಿಯುತ್ತದೆ. ಇವು ತಪ್ಪಿದ್ದರೆ ಅಲ್ಲಿ ಎಷ್ಟು ಎಚ್ಚರವಾಗಿದ್ದರೂ ಸಾಲದು.

ಯಾವ ಬಗೆಯ ಲಿಥಿಯಂ

ಅಂಗಡಿಯಲ್ಲಿ ‘ಲಿಥಿಯಂ ಬ್ಯಾಟರಿ’ ಎಂದು ಒಂದೇ ಹೆಸರಿನಲ್ಲಿ ಮಾರುವ ವಸ್ತುಗಳಲ್ಲಿ ನಮಗೆ ಸಂಬಂಧಿಸಿದ ಬಗೆಗಳು ಎರಡು. ಮೊದಲನೆಯದು 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಕೋಬಾಲ್ಟ್ ಆಕ್ಸೈಡ್ ಸೆಲ್‌ನ ವಂಶದ್ದು. ಮೊಬೈಲ್, ಲ್ಯಾಪ್‌ಟಾಪ್, ಕೈಯಲ್ಲಿ ಹಿಡಿಯುವ ವಾಕಿಟಾಕಿ, ಪವರ್ ಬ್ಯಾಂಕ್ ಎಲ್ಲದರಲ್ಲಿಯೂ ಇರುವುದು ಈ ವಂಶದ ಸೆಲ್‌ಗಳೇ. ಇದರ ಸಾಮಾನ್ಯ ವೋಲ್ಟೇಜ್ 3.6 ಅಥವಾ 3.7, ಪೂರ್ತಿ ತುಂಬಿದಾಗ 4.2. ಎರಡನೆಯದು ಲಿಥಿಯಂ ಐರನ್ ಫಾಸ್ಫೇಟ್. ಎಲ್‌ಎಫ್‌ಪಿ ಎಂದು ಕರೆಯುತ್ತಾರೆ. 2019ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಮೂವರಲ್ಲಿ ಒಬ್ಬರಾದ ಜಾನ್ ಗುಡ್‌ಇನಫ್ ಅವರ ಪ್ರಯೋಗಾಲಯದಿಂದ 1990ರ ದಶಕದಲ್ಲಿ ಹೊರಬಂದ ವಸ್ತು ಇದು. ಇದರ ಸಾಮಾನ್ಯ ವೋಲ್ಟೇಜ್ 3.2, ತುಂಬಿದಾಗ 3.65.

ಸುರಕ್ಷತೆಯ ದೃಷ್ಟಿಯಿಂದ ಇವೆರಡರ ವ್ಯತ್ಯಾಸ ಮುಖ್ಯವಾದದ್ದು. ಪ್ರತಿ ಸೆಲ್‌ನೊಳಗೆ ಹೊತ್ತಿಕೊಳ್ಳಬಲ್ಲ ದ್ರಾವಣವೂ, ಎರಡು ವಿದ್ಯುದ್ವಾರಗಳನ್ನು ಬೇರ್ಪಡಿಸುವ, ಕಾಗದಕ್ಕಿಂತ ತೆಳುವಾದ ಪ್ಲಾಸ್ಟಿಕ್ ಪೊರೆಯೂ ಇರುತ್ತವೆ. ಶಾರ್ಟ್ ಸರ್ಕ್ಯೂಟ್, ಅತಿಯಾದ ಚಾರ್ಜ್, ಜಜ್ಜುವಿಕೆ ಅಥವಾ ಹೊರಗಿನ ಬಿಸಿಯಿಂದ ಆ ಪೊರೆ ಹರಿದರೆ ಅಥವಾ ಕರಗಿದರೆ ಒಳಗೇ ಶಾಖ ಹುಟ್ಟಿ, ಆ ಶಾಖವೇ ಇನ್ನಷ್ಟು ಶಾಖವನ್ನು ಹುಟ್ಟಿಸುವ ಸರಣಿಕ್ರಿಯೆ ಶುರುವಾಗುತ್ತದೆ. ಕೋಬಾಲ್ಟ್, ನಿಕ್ಕಲ್ ಇರುವ ಸೆಲ್‌ಗಳು ಈ ಹಂತದಲ್ಲಿ ಒಳಗಿನಿಂದಲೇ ಆಮ್ಲಜನಕವನ್ನು ಬಿಡುತ್ತವೆ. ಹಾಗಾಗಿ ಬೆಂಕಿಗೆ ಹೊರಗಿನ ಗಾಳಿಯ ಅಗತ್ಯವೂ ಇರುವುದಿಲ್ಲ. ಫಾಸ್ಫೇಟ್‌ನಲ್ಲಿ ರಂಜಕ ಮತ್ತು ಆಮ್ಲಜನಕದ ಬೆಸುಗೆ ಗಟ್ಟಿಯಾದ್ದರಿಂದ ಅದು ಆಮ್ಲಜನಕವನ್ನು ಸುಲಭವಾಗಿ ಬಿಡುವುದಿಲ್ಲ, ಸರಣಿಕ್ರಿಯೆಗೆ ಹೆಚ್ಚಿನ ಉಷ್ಣತೆ ಬೇಕಾಗುತ್ತದೆ. ಎಲ್‌ಎಫ್‌ಪಿ ಉರಿಯುವುದೇ ಇಲ್ಲ ಎಂಬ ಅಂಗಡಿಯವರ ಮಾತನ್ನು ಮಾತ್ರ ನಂಬಬಾರದು. ಅದರೊಳಗಿನ ದ್ರಾವಣವೂ ಹೊತ್ತಿಕೊಳ್ಳುವಂಥದ್ದೇ, ಕೆಟ್ಟಾಗ ಹೊರಬರುವ ಹೊಗೆಯೂ ವಿಷವೇ.

ರೇಡಿಯೊಗೆ ಹೊಂದುವ ವೋಲ್ಟೇಜ್‌ನ ವಿಚಾರದಲ್ಲಿಯೂ ಎಲ್‌ಎಫ್‌ಪಿ ಮೇಲು. ಐಕಾಮ್ ಐಸಿ-7300, ಯೇಸು ಎಫ್‌ಟಿ-891 ಮುಂತಾದ ನೂರು ವ್ಯಾಟ್‌ನ ಟ್ರಾನ್ಸ್‌ಸೀವರ್‌ಗಳು ಕೇಳುವುದು 13.8 ವೋಲ್ಟ್, ಅದರಿಂದ ಶೇ. 15ರಷ್ಟು ಹೆಚ್ಚು ಅಥವಾ ಕಡಿಮೆ. ಅಂದರೆ ಸುಮಾರು 11.7ರಿಂದ 15.9ರವರೆಗೆ. ನಾಲ್ಕು ಎಲ್‌ಎಫ್‌ಪಿ ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ 12.8 ವೋಲ್ಟ್ ಆಗುತ್ತದೆ, ಚಾರ್ಜರ್‌ನಲ್ಲಿ ಪೂರ್ತಿ ತುಂಬಿದ ಕ್ಷಣದಲ್ಲಿಯೂ 14.6ನ್ನು ಮೀರುವುದಿಲ್ಲ. ಬ್ಯಾಟರಿ ಬಹುತೇಕ ಖಾಲಿಯಾಗುವವರೆಗೆ ರೇಡಿಯೊ ಕೇಳುವ ಮಿತಿಯೊಳಗೇ ಇರುತ್ತದೆ. ಮೊಬೈಲ್ ವಂಶದ ಸೆಲ್‌ಗಳನ್ನು ಮೂರು ಜೋಡಿಸಿದರೆ ತುಂಬಿದಾಗ 12.6 ಇದ್ದರೂ ಇನ್ನೂ ಅರ್ಧಕ್ಕಿಂತ ಹೆಚ್ಚು ವಿದ್ಯುತ್ ಉಳಿದಿರುವಾಗಲೇ 11.7ಕ್ಕೆ ಇಳಿದುಬಿಡುತ್ತದೆ, ನಾಲ್ಕು ಜೋಡಿಸಿದರೆ ತುಂಬಿದಾಗ 16.8ಕ್ಕೆ ಏರಿ ರೇಡಿಯೊದ ಮಿತಿಯನ್ನೇ ದಾಟುತ್ತದೆ. ಹೀಗೆ ನಾಲ್ಕು ಸೆಲ್‌ಗಳ ಇಂಥ ಪ್ಯಾಕನ್ನು ನೇರವಾಗಿ ರೇಡಿಯೊಗೆ ಜೋಡಿಸುವುದು ಬ್ಯಾಟರಿಗಿಂತ ಮೊದಲು ರೇಡಿಯೊವನ್ನೇ ಕಳೆದುಕೊಳ್ಳುವ ದಾರಿ. ಎಫ್‌ಟಿ-818ರಂತೆ 8ರಿಂದ 16 ವೋಲ್ಟ್‌ವರೆಗೆ ಒಪ್ಪುವ ಚಿಕ್ಕ ರೇಡಿಯೊಗಳಿಗೆ ಮೂರು ಸೆಲ್‌ಗಳ ಪ್ಯಾಕ್ ಸರಿಹೋಗುತ್ತದೆ. ಯಾವುದಕ್ಕೂ ಮೊದಲು ಕೈಪಿಡಿಯಲ್ಲಿರುವ ವೋಲ್ಟೇಜ್ ಮಿತಿಯನ್ನು ಓದಿ, ಅದನ್ನು ಒಂದು ಚೀಟಿಯಲ್ಲಿ ಬರೆದು ಬ್ಯಾಟರಿಯ ಮೇಲೆಯೇ ಅಂಟಿಸುವುದು ಒಳ್ಳೆಯದು. ಹೊಸದಾಗಿ ಕೊಳ್ಳುವವರಿಗೆ ನನ್ನ ಸಲಹೆ ಒಂದೇ: ವಿಶೇಷ ಕಾರಣವಿಲ್ಲದಿದ್ದರೆ ಎಲ್‌ಎಫ್‌ಪಿಯನ್ನೇ ಕೊಳ್ಳಿ.

ಎಷ್ಟು ಆಂಪಿಯರ್-ಅವರ್ ಸಾಕು

ಐದು ವ್ಯಾಟ್‌ನ ರೇಡಿಯೊ ಕೇಳುವಾಗ ಸುಮಾರು 0.4 ಆಂಪಿಯರ್, ಮಾತಾಡುವಾಗ ಸುಮಾರು 2 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳೋಣ. ಐದರಲ್ಲೊಂದು ಪಾಲು ಸಮಯ ಮಾತಾಡಿ ಉಳಿದ ಸಮಯ ಕೇಳುವವರಿಗೆ ಸರಾಸರಿ 0.72 ಆಂಪಿಯರ್ ಬೀಳುತ್ತದೆ. 6 ಆಂಪಿಯರ್-ಅವರ್ ಬ್ಯಾಟರಿಯ ಶೇ. 80ರಷ್ಟನ್ನು ಮಾತ್ರ ಬಳಸಿದರೂ ಆರು ಗಂಟೆಗೂ ಹೆಚ್ಚು ಕಾಲ ಸಿಗುತ್ತದೆ. ಎಫ್‌ಟಿ8ರಂಥ ಡಿಜಿಟಲ್ ವಿಧಾನದಲ್ಲಿ ಸುಮಾರು ಅರ್ಧ ಸಮಯ ಪ್ರಸಾರವೇ ಆಗುವುದರಿಂದ ಅದೇ ಬ್ಯಾಟರಿ ನಾಲ್ಕು ಗಂಟೆಗೆ ಇಳಿಯುತ್ತದೆ. ಮೇಲುಕೋಟೆಯಲ್ಲಿ ಒಂದು ಬೆಳಗನ್ನು ಕಳೆಯಲು ಇಷ್ಟು ಧಾರಾಳ. ನೂರು ವ್ಯಾಟ್‌ನ ರೇಡಿಯೊ 20 ಆಂಪಿಯರ್‌ಗಿಂತ ಹೆಚ್ಚು ಎಳೆಯುವುದರಿಂದ ಅಲ್ಲಿ ಸಾಮರ್ಥ್ಯದ ಜೊತೆಗೆ, ಬ್ಯಾಟರಿ ಒಮ್ಮೆಗೆ ಎಷ್ಟು ಆಂಪಿಯರ್ ಕೊಡಬಲ್ಲದು ಎಂಬುದನ್ನೂ ನೋಡಬೇಕು. 6 ಆಂಪಿಯರ್-ಅವರ್‌ನ ಚಿಕ್ಕ ಪ್ಯಾಕ್‌ನಿಂದ 20 ಆಂಪಿಯರ್ ಎಳೆಯಲು ಹೊರಡುವುದು ಬೇಡ. 20 ಆಂಪಿಯರ್-ಅವರ್ ಇರುವ, ನಿರಂತರವಾಗಿ 30 ಆಂಪಿಯರ್ ಕೊಡುವ ಪ್ಯಾಕ್ ಅದಕ್ಕೆ ತಕ್ಕದ್ದು. ಬೆಟ್ಟದ ತುದಿಯಲ್ಲಿ ನೂರು ವ್ಯಾಟ್ ಏಕೆ ಬೇಕು ಎಂಬುದು ಬೇರೆ ಚರ್ಚೆ. ಎತ್ತರವೇ ಅರ್ಧ ಕೆಲಸ ಮಾಡಿಕೊಡುತ್ತದೆ.

ಕೊಳ್ಳುವಾಗ ನೋಡಬೇಕಾದ್ದು

ಸಿದ್ಧ ಬ್ಯಾಟರಿಯೊಳಗೆ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟ್ ಇರುತ್ತದೆ. ಯಾವುದೇ ಸೆಲ್ ಅತಿಯಾಗಿ ತುಂಬಿದರೂ, ಅತಿಯಾಗಿ ಖಾಲಿಯಾದರೂ, ಶಾರ್ಟ್ ಆದರೂ, ಮಿತಿ ಮೀರಿ ಆಂಪಿಯರ್ ಹರಿದರೂ ಅದು ಸಂಪರ್ಕವನ್ನು ಕಡಿಯಬೇಕು. ಸೆಲ್‌ಗಳನ್ನು ಒಂದೇ ಮಟ್ಟಕ್ಕೆ ತರಬೇಕು. ಬಿಎಂಎಸ್ ಇಲ್ಲದ ಪ್ಯಾಕನ್ನು ಎಷ್ಟೇ ಅಗ್ಗವಾಗಿ ಸಿಕ್ಕರೂ ಕೊಳ್ಳಬಾರದು. ಹಾಗೆಯೇ ಬಿಎಂಎಸ್ ಇದೆ ಎಂಬ ಧೈರ್ಯದಲ್ಲಿ ಫ್ಯೂಸನ್ನು ಬಿಡಬಾರದು. ಅದು ಸಿಲಿಕಾನ್ ಸ್ವಿಚ್‌ಗಳಿಂದ ಮಾಡಿದ ಸರ್ಕ್ಯೂಟ್. ಸುಟ್ಟುಹೋಗುವಾಗ ಆ ಸ್ವಿಚ್‌ಗಳು ಹಲವು ಸಲ ಮುಚ್ಚಿದ ಸ್ಥಿತಿಯಲ್ಲಿಯೇ ಉಳಿದುಬಿಡುತ್ತವೆ. ದಿನನಿತ್ಯ ರೇಡಿಯೊ ಆರಿಸಲು ಬಿಎಂಎಸ್‌ನ ಕಡಿತವನ್ನೇ ನಂಬುವುದು ಸಹ ಸರಿಯಲ್ಲ, ಅದು ಕೊನೆಯ ಕಾವಲು ಮಾತ್ರ.

ಭಾರತದಲ್ಲಿ ಮಾರುವ ಒಯ್ಯಬಹುದಾದ ಲಿಥಿಯಂ ಸೆಲ್ ಮತ್ತು ಬ್ಯಾಟರಿಗಳಿಗೆ ಭಾರತೀಯ ಮಾನಕ ಬ್ಯೂರೊ, ಅಂದರೆ ಬಿಐಎಸ್‌ನ ಐಎಸ್ 16046 ಮಾನದಂಡದ ಪ್ರಕಾರ ನೋಂದಣಿ ಕಡ್ಡಾಯ. ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಚೀಟಿಯ ಮೇಲೆ ಇದೆಯೇ ನೋಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಅಂತರ್ಜಾಲದ ಮಳಿಗೆಗಳಲ್ಲಾಗಲಿ 18650 ಸೆಲ್‌ಗಳ ಮೇಲೆ 9900 ಮಿಲಿಆಂಪಿಯರ್-ಅವರ್ ಎಂದು ಅಚ್ಚಾಗಿದ್ದರೆ ಅದು ಸುಳ್ಳು ಎಂದು ನಿಸ್ಸಂಶಯವಾಗಿ ಹೇಳಬಹುದು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಆ ಸೆಲ್‌ನಲ್ಲಿ ಹೆಸರಾಂತ ತಯಾರಕರೇ ತುಂಬಿಸುವುದು ಸುಮಾರು 3500 ಮಾತ್ರ. ತೂಗಿ ನೋಡುವುದೂ ಒಂದು ಪರೀಕ್ಷೆಯೇ: ಅಸಲಿ ಸೆಲ್ 45 ಗ್ರಾಮಿನ ಆಸುಪಾಸಿನಲ್ಲಿರುತ್ತದೆ, ನಕಲಿಯದು ಎಷ್ಟೋ ಸಲ ಹಗುರ.

ಮೈಸೂರಿನಲ್ಲಿಯೂ ಈಗ ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿಗಳನ್ನು ಕಟ್ಟುವವರಿದ್ದಾರೆ, ಕೇಳಿದರೆ 12.8 ವೋಲ್ಟ್‌ನ ಪ್ಯಾಕನ್ನೂ ಕಟ್ಟಿಕೊಡುತ್ತಾರೆ. ಅವರಲ್ಲಿ ಮಾಡಿಸುವುದಾದರೆ ಸೆಲ್‌ಗಳು ಹೊಸವೇ ಹಳೆಯವೇ, ಎಲ್ಲವೂ ಒಂದೇ ತಯಾರಕರ ಒಂದೇ ಕಂತಿನವೇ, ಬಿಎಂಎಸ್ ಎಷ್ಟು ಆಂಪಿಯರ್‌ನದು ಎಂದು ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಹಳೆಯ ಲ್ಯಾಪ್‌ಟಾಪ್‌ಗಳಿಂದ ಕಿತ್ತ ಸೆಲ್‌ಗಳಿಂದ ತಾವೇ ಪ್ಯಾಕ್ ಕಟ್ಟುವ ಉತ್ಸಾಹ ಹ್ಯಾಮ್‌ಗಳಲ್ಲಿ ಸಹಜ. ಬೆಸುಗೆ ಹಾಕುವ ಕೈ ನಮ್ಮದು ಎಂಬ ಹೆಮ್ಮೆಯೂ ಅದರ ಜೊತೆಗಿರುತ್ತದೆ. ಆದರೆ ಸಾಲ್ಡರಿಂಗ್ ಐರನ್‌ನ ಶಾಖ ಸೆಲ್‌ನ ತುದಿಯಿಂದ ಒಳಗಿನ ಪೊರೆಗೆ ಹರಿಯುತ್ತದೆ. ಆ ಕೆಲಸಕ್ಕೆ ನಿಕ್ಕಲ್ ಪಟ್ಟಿಯೂ ಸ್ಪಾಟ್ ವೆಲ್ಡಿಂಗ್ ಯಂತ್ರವೂ ಬೇಕು. ಮೊದಲ ಬ್ಯಾಟರಿಯನ್ನು ಸಿದ್ಧವಾಗಿಯೇ ಕೊಳ್ಳಿ, ಕಟ್ಟುವ ವಿದ್ಯೆಯನ್ನು ಆಮೇಲೆ ಬಲ್ಲವರ ಪಕ್ಕದಲ್ಲಿ ಕುಳಿತು ಕಲಿಯಿರಿ.

ಮನೆಗೆ ತಂದ ಹೊಸ ಬ್ಯಾಟರಿಯನ್ನು ನೇರವಾಗಿ ಬೆಟ್ಟಕ್ಕೆ ಒಯ್ಯದೆ ಒಮ್ಮೆ ಪರೀಕ್ಷಿಸಬೇಕು. ಕಾರಿನ ಹೆಡ್‌ಲೈಟಿನ 55 ವ್ಯಾಟ್ ಹ್ಯಾಲೊಜೆನ್ ಬಲ್ಬ್ ಅದಕ್ಕೆ ಸಾಕು. ಅದು ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ಫ್ಯೂಸ್ ಮತ್ತು ವ್ಯಾಟ್ ಮೀಟರ್ ಮೂಲಕ ಬಲ್ಬನ್ನು ಜೋಡಿಸಿ, ವೋಲ್ಟೇಜ್ 12ಕ್ಕೆ ಇಳಿದಾಗ ನಿಲ್ಲಿಸಿದರೆ 6 ಆಂಪಿಯರ್-ಅವರ್ ಎಂದು ಹೇಳಿದ ಬ್ಯಾಟರಿ ಐದಕ್ಕಿಂತ ಹೆಚ್ಚನ್ನು ಕೊಟ್ಟಿರಬೇಕು. ಬಲ್ಬ್ ಕೈ ಸುಡುವಷ್ಟು ಕಾಯುತ್ತದೆ. ಅದನ್ನು ಕಲ್ಲಿನ ಮೇಲಿಟ್ಟು, ಬ್ಯಾಟರಿಯಿಂದ ದೂರವಿರಿಸಿ. ಪರೀಕ್ಷೆಯ ನಡುವೆ ಆಗಾಗ ಬ್ಯಾಟರಿಯನ್ನು ಮುಟ್ಟಿ ನೋಡಿ. ಸ್ವಲ್ಪ ಬೆಚ್ಚಗಾಗುವುದು ಸಹಜ. ಒಂದು ಮೂಲೆ ಮಾತ್ರ ಬಿಸಿಯಾದರೆ ಒಳಗಿನ ಬೆಸುಗೆಯೋ ಸೆಲ್ಲೋ ಕೆಟ್ಟದ್ದೆಂದು ತಿಳಿದು ಮರಳಿಸಿಬಿಡಿ.

ಫ್ಯೂಸ್, ವೈರ್, ಕನೆಕ್ಟರ್

ಈ ಭಾಗದಲ್ಲಿ ನಾನು ಸ್ವಲ್ಪ ಹಟಮಾರಿ. ಲಿಥಿಯಂ ಬ್ಯಾಟರಿಯ ಒಳಗಿನ ಪ್ರತಿರೋಧ ತೀರ ಕಡಿಮೆ. ಆದ್ದರಿಂದ ಪ್ಲಸ್ ಮತ್ತು ಮೈನಸ್ ಅಕಸ್ಮಾತ್ತಾಗಿ ಮುಟ್ಟಿದರೆ, ಬಿಎಂಎಸ್ ಕಡಿಯುವ ಮುಂಚಿನ ಕ್ಷಣದಲ್ಲಿ ಅಥವಾ ಕಡಿಯದೇ ಹೋದರೆ, ನೂರಾರು ಆಂಪಿಯರ್ ಹರಿಯಬಲ್ಲದು. ಆ ದಾರಿಯಲ್ಲಿ ಬೆರಳಿನ ಉಂಗುರವಿದ್ದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಕೆಂಪಗಾಗುತ್ತದೆ. ಬ್ಯಾಟರಿಯ ಟರ್ಮಿನಲ್‌ಗಳ ಬಳಿ ಕೆಲಸ ಮಾಡುವಾಗ ಉಂಗುರ, ಲೋಹದ ಕೈಗಡಿಯಾರ, ಬಳೆಗಳನ್ನು ತೆಗೆದಿಡಬೇಕು.

ಫ್ಯೂಸ್ ಇರಬೇಕಾದ ಜಾಗ ಬ್ಯಾಟರಿಯ ಪ್ಲಸ್ ಟರ್ಮಿನಲ್‌ನ ಪಕ್ಕ, ಒಂದು ಗೇಣಿನೊಳಗೆ. ರೇಡಿಯೊದ ಜೊತೆ ಬರುವ ವೈರ್‌ನಲ್ಲಿ ಫ್ಯೂಸ್ ಇದೆಯಲ್ಲ ಎಂದು ಕೆಲವರು ಸುಮ್ಮನಾಗುತ್ತಾರೆ. ಆದರೆ ಆ ಫ್ಯೂಸ್‌ಗೂ ಬ್ಯಾಟರಿಗೂ ನಡುವೆ ಇರುವ ವೈರ್ ಎಲ್ಲಾದರೂ ಬಂಡೆಯ ಅಂಚಿಗೆ ಉಜ್ಜಿ ಸುಲಿದರೆ ಅದನ್ನು ಕಾಯುವವರು ಯಾರೂ ಇಲ್ಲ. ಫ್ಯೂಸ್‌ನ ಕೆಲಸ ವೈರ್ ಉರಿಯದಂತೆ ನೋಡಿಕೊಳ್ಳುವುದು, ಹಾಗಾಗಿ ಅದು ವೈರ್‌ನ ಮೂಲದಲ್ಲಿಯೇ ಇರಬೇಕು. ವಾಹನಗಳ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುವ ಬ್ಲೇಡ್ ಫ್ಯೂಸ್ ಮತ್ತು ಅದರ ಹೋಲ್ಡರ್ ನಮ್ಮ ಕೆಲಸಕ್ಕೆ ಸೊಗಸಾಗಿ ಹೊಂದುತ್ತವೆ. ಕಂದು ಮಿಶ್ರಿತ ಹಳದಿ 5 ಆಂಪಿಯರ್, ಕೆಂಪು 10, ನೀಲಿ 15, ಹಳದಿ 20, ಬಣ್ಣವಿಲ್ಲದ್ದು 25, ಹಸಿರು 30. ಐದು ವ್ಯಾಟ್ ರೇಡಿಯೊಗೆ 5 ಆಂಪಿಯರ್ ಸಾಕು. ದೊಡ್ಡದಕ್ಕೆ ಕೈಪಿಡಿ ಹೇಳಿದಷ್ಟು. ಫ್ಯೂಸ್ ಹಾರಿದರೆ ಕಾರಣ ಹುಡುಕದೆ ಅದಕ್ಕಿಂತ ದೊಡ್ಡದನ್ನು ಹಾಕುವುದು, ಇನ್ನೂ ಕೆಟ್ಟದಾಗಿ ಸಿಗರೇಟಿನ ತಗಡನ್ನೋ ತಾಮ್ರದ ಎಳೆಯನ್ನೋ ಸುತ್ತುವುದು, ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯಲ್ಲಿ ನಮ್ಮ ರೈತರು ಮಾಡುವುದನ್ನು ಎಲ್ಲರೂ ನೋಡಿಯೇ ಇದ್ದೇವೆ. ಆ ರೂಢಿಯನ್ನು ಇಲ್ಲಿಗೆ ತರುವುದು ಬೇಡ.

ವೈರ್‌ನ ದಪ್ಪವನ್ನು ಸುರಕ್ಷತೆ ಮತ್ತು ವೋಲ್ಟೇಜ್ ಇಳಿತ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡು ಆರಿಸಬೇಕು. 2.5 ಚದರ ಮಿಲಿಮೀಟರ್ ತಾಮ್ರದ ವೈರ್‌ನ ಪ್ರತಿರೋಧ ಮೀಟರಿಗೆ ಸುಮಾರು 7.4 ಮಿಲಿಓಮ್. ಬ್ಯಾಟರಿಯಿಂದ ರೇಡಿಯೊಗೆ ಎರಡು ಮೀಟರ್ ಇದ್ದರೆ ಹೋಗಿ ಬರುವ ದಾರಿ ನಾಲ್ಕು ಮೀಟರ್ ಆಗುತ್ತದೆ; 20 ಆಂಪಿಯರ್ ಹರಿದಾಗ 0.6 ವೋಲ್ಟ್ ದಾರಿಯಲ್ಲಿಯೇ ಕಳೆದು ಬಿಸಿಯಾಗಿ ಹೋಗುತ್ತದೆ. 4 ಚದರ ಮಿಲಿಮೀಟರ್ ಹಾಕಿದರೆ ಅದು 0.4ಕ್ಕಿಂತ ಕೆಳಗಿಳಿಯುತ್ತದೆ. ದೊಡ್ಡ ರೇಡಿಯೊಗೆ ದಪ್ಪ ವೈರ್ ಹಾಕಿ, ಉದ್ದವನ್ನು ಒಂದು ಮೀಟರಿಗೆ ಇಳಿಸುವುದು ಇನ್ನೂ ಉತ್ತಮ.

ಕನೆಕ್ಟರ್‌ಗಳ ವಿಷಯದಲ್ಲಿ ನಿಯಮ ಸರಳವಾಗಿದೆ: ಉಲ್ಟಾ ಹಾಕಲು ಸಾಧ್ಯವೇ ಇಲ್ಲದ, ಬ್ಯಾಟರಿಯ ಕಡೆಯ ಲೋಹ ಹೊರಗೆ ಕಾಣದ ಕನೆಕ್ಟರ್ ಇರಬೇಕು. ಜಗತ್ತಿನ ಹಲವೆಡೆ ಹ್ಯಾಮ್‌ಗಳು ಆಂಡರ್ಸನ್ ಪವರ್‌ಪೋಲ್ ಬಳಸುತ್ತಾರೆ. ನಮ್ಮಲ್ಲಿ ಡ್ರೋನ್ ಮತ್ತು ಆಟಿಕೆ ವಿಮಾನದವರ ಎಕ್ಸ್‌ಟಿ60 ಸುಲಭವಾಗಿ ಸಿಗುತ್ತದೆ. ಎರಡರಲ್ಲಿ ಒಂದನ್ನು ಆರಿಸಿ, ಮನೆಯಲ್ಲಿರುವ ಒಂದೇ ಬಗೆಯ ಎಲ್ಲ ಬ್ಯಾಟರಿಗೂ ಅವುಗಳಿಂದ ಓಡುವ ಎಲ್ಲ ರೇಡಿಯೊಗೂ ಅದನ್ನೇ ಹಾಕಿ. ಮೊಸಳೆ ಕ್ಲಿಪ್‌ಗಳನ್ನು ಲಿಥಿಯಂ ಬ್ಯಾಟರಿಯ ಹತ್ತಿರಕ್ಕೂ ಬಿಡಬೇಡಿ.

ಚಾರ್ಜ್ ಮಾಡುವುದು

ಅನಾಹುತಗಳಿಗೆ ಹೆಚ್ಚು ಆಸ್ಪದವಿರುವ ಸಮಯ ಚಾರ್ಜಿನದು, ಏಕೆಂದರೆ ಹೊರಗಿನಿಂದ ಶಕ್ತಿಯನ್ನು ತುಂಬುತ್ತಲೇ ಇರುತ್ತೇವೆ. ಚಾರ್ಜರ್ ಆಯಾ ಬಗೆಯ ಸೆಲ್‌ಗೆಂದೇ ಮಾಡಿದ್ದಿರಬೇಕು. ಮೊದಲು ಆಂಪಿಯರನ್ನು ಸ್ಥಿರವಾಗಿಟ್ಟು, ಮಿತಿಯ ವೋಲ್ಟೇಜ್ ತಲುಪಿದ ಮೇಲೆ ಅದನ್ನು ಅಲ್ಲಿಯೇ ಹಿಡಿದು, ಆಂಪಿಯರ್ ಇಳಿದಾಗ ತಾನೇ ನಿಲ್ಲುವ ಚಾರ್ಜರ್ ನಮಗೆ ಬೇಕು. ನಾಲ್ಕು ಸೆಲ್‌ನ ಎಲ್‌ಎಫ್‌ಪಿಗೆ ಆ ಮಿತಿ 14.4ರಿಂದ 14.6. ಮನೆಯಲ್ಲಿರುವ ಲೆಡ್ ಆಸಿಡ್ ಚಾರ್ಜರನ್ನೇ ಬಳಸಬಹುದೇ ಎಂಬ ಪ್ರಶ್ನೆ ಪದೇ ಪದೇ ಬರುತ್ತದೆ. ಹಳೆಯ ಬ್ಯಾಟರಿಗೆ ಮರುಜೀವ ಕೊಡಲೆಂದು ಹೆಚ್ಚಿನ ವೋಲ್ಟೇಜಿನ ಮಿಡಿತಗಳನ್ನು ಕಳಿಸುವ ವ್ಯವಸ್ಥೆ ಅಂಥ ಎಷ್ಟೋ ಚಾರ್ಜರ್‌ಗಳಲ್ಲಿದೆ. ಅದು ಲಿಥಿಯಂಗೆ ಅಪಾಯ. ಇನ್ವರ್ಟರ್‌ಗೆ ಜೋಡಿಸುವುದಂತೂ ಬೇಡವೇ ಬೇಡ. ಎಲ್‌ಎಫ್‌ಪಿಯ ಚಾರ್ಜರ್‌ನಲ್ಲಿ ಮೊಬೈಲ್ ವಂಶದ ಪ್ಯಾಕನ್ನು ಹಾಕುವುದು ಸಹ ಅಷ್ಟೇ ತಪ್ಪು: ಮೂರು ಸೆಲ್‌ಗಳಿಗೆ 12.6 ಮಿತಿಯಾದರೆ ಈ ಚಾರ್ಜರ್ 14.6ರವರೆಗೆ ತಳ್ಳುತ್ತದೆ. ಎರಡೂ ಬಗೆ ಮನೆಯಲ್ಲಿರುವವರು ಕನೆಕ್ಟರ್‌ಗಳನ್ನೇ ಬೇರೆ ಬೇರೆ ಮಾಡಿಕೊಂಡರೆ ಕತ್ತಲಲ್ಲಿಯೂ ತಪ್ಪಲಾರದು.

6 ಆಂಪಿಯರ್-ಅವರ್ ಬ್ಯಾಟರಿಗೆ 2ರಿಂದ 3 ಆಂಪಿಯರ್‌ನ ಚಾರ್ಜರ್ ಸಾಕು, ಅವಸರ ಬೇಡ. ಕಡಪಾ ಕಲ್ಲಿನ ಹಾಸು ಅಥವಾ ರೆಡ್ ಆಕ್ಸೈಡ್ ನೆಲ ಒಳ್ಳೆಯ ಜಾಗ. ಹಾಸಿಗೆ, ಸೋಫಾ, ಪುಸ್ತಕದ ಕಪಾಟು, ದೇವರಮನೆಯ ದೀಪದ ಪಕ್ಕ, ಮನೆಯಿಂದ ಹೊರಹೋಗುವ ಬಾಗಿಲ ದಾರಿ ಇವು ಯಾವುವೂ ಅಲ್ಲ. ಎಲ್ಲರೂ ಮಲಗಿದ ಮೇಲೆ ಚಾರ್ಜ್ ಆಗುತ್ತಿರಬಾರದು. ಬೆಟ್ಟದಿಂದ ಬಿಸಿಲಲ್ಲಿ ಕಾದು ಬಂದ ಬ್ಯಾಟರಿ ಒಂದೆರಡು ಗಂಟೆ ತಣಿಯಲಿ. 45 ಡಿಗ್ರಿ ಸೆಲ್ಸಿಯಸ್ ಮೀರಿದ ಸೆಲ್‌ಗೆ ಚಾರ್ಜ್ ಕೊಡಬಾರದು. ಸೊನ್ನೆ ಡಿಗ್ರಿಗಿಂತ ಕೆಳಗೂ ಕೊಡಬಾರದು, ಆದರೆ ಆ ಚಿಂತೆ ಮೈಸೂರಿನವರಿಗಿಲ್ಲ.

ಸೌರಫಲಕದಿಂದ ಬೆಟ್ಟದ ಮೇಲೆಯೇ ಚಾರ್ಜ್ ಮಾಡಬಯಸುವವರು ನಡುವೆ ಕಂಟ್ರೋಲರ್ ಹಾಕಲೇಬೇಕು. 12 ವೋಲ್ಟ್ ಎಂದು ಮಾರುವ ಫಲಕ ಖಾಲಿ ಬಿಟ್ಟಾಗ 21 ವೋಲ್ಟ್‌ನ ಆಸುಪಾಸು ಕೊಡುತ್ತದೆ. ಕಂಟ್ರೋಲರನ್ನು ಎಲ್‌ಎಫ್‌ಪಿಗೆ ಹೊಂದಿಸಿ, ಮೊದಲು ಬ್ಯಾಟರಿಯನ್ನು, ಆಮೇಲೆ ಫಲಕವನ್ನು ಜೋಡಿಸಿ. ಕಳಚುವಾಗ ಫಲಕವನ್ನು ಮೊದಲು ತೆಗೆಯಿರಿ. ಅಗ್ಗದ ಕಂಟ್ರೋಲರ್‌ಗಳು ಹೊರಸೂಸುವ ಗದ್ದಲ 40 ಮೀಟರ್ ಬ್ಯಾಂಡಿನಲ್ಲಿ ಕ್ಷೀಣ ಸಂಕೇತಗಳನ್ನು ಮುಳುಗಿಸುತ್ತದೆ. ಕೇಳುವಾಗ ಫಲಕವನ್ನು ಬೋರಲು ಹಾಕಿ ನೋಡಿ. ಗದ್ದಲ ನಿಂತರೆ ಅಪರಾಧಿ ಸಿಕ್ಕಂತೆ.

ಬೆಟ್ಟದ ಮೇಲೆ

ಸಾಗಿಸುವಾಗ ಟರ್ಮಿನಲ್‌ಗಳಿಗೆ ಮುಚ್ಚಳವಿರಲಿ, ಬ್ಯಾಟರಿ ತನ್ನದೇ ಚೀಲದಲ್ಲಿರಲಿ. ಕೀಲಿ, ಚಿಲ್ಲರೆ, ಸ್ಪ್ಯಾನರ್, ಆಂಟೆನಾ ತಂತಿ ಇರುವ ಅರೆಯಲ್ಲಿ ಅದನ್ನು ತುರುಕಬಾರದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಉಷ್ಣತೆ 60 ಡಿಗ್ರಿ ದಾಟಬಹುದು, ಸ್ಕೂಟರಿನ ಡಿಕ್ಕಿಯೂ ಅದಕ್ಕಿಂತ ಮೇಲಲ್ಲ. ಏಪ್ರಿಲ್ ತಿಂಗಳಲ್ಲಿ ಮೆಟ್ಟಿಲ ಬುಡದಲ್ಲಿ ವಾಹನ ನಿಲ್ಲಿಸಿ ಎರಡನೆಯ ಬ್ಯಾಟರಿಯನ್ನು ಅದರಲ್ಲೇ ಬಿಟ್ಟು ಹೋಗಬಾರದು. ಬಂಡೆಯ ಮೇಲೆ ನೆರಳು ಹುಡುಕಿ, ನೆರಳಿಲ್ಲದಿದ್ದರೆ ಬಿಳಿ ಪಂಚೆಯ ತುಂಡೊಂದನ್ನು ಗಾಳಿಯಾಡುವಂತೆ ಮೇಲೆ ಹೊದಿಸಿ. ಬ್ಯಾಟರಿಯನ್ನು ಒಣಹುಲ್ಲಿನ ಮೇಲಾಗಲಿ, ಮಂಡ್ಯದ ಗದ್ದೆಬಯಲಲ್ಲಿ ಕಬ್ಬಿನ ಒಣ ಸೋಗೆಯ ಮೇಲಾಗಲಿ, ಹುಲ್ಲಿನ ಮೆದೆಯ ಪಕ್ಕವಾಗಲಿ ಇಡದೆ ಬರಿ ಕಲ್ಲಿನ ಮೇಲೆ ಇಡಿ. ಚಾಮುಂಡಿಬೆಟ್ಟದಲ್ಲಿಯೂ ಮೇಲುಕೋಟೆಯಲ್ಲಿಯೂ ಮಂಗಗಳಿಗೆ ಚೀಲವೆಂದರೆ ತಿಂಡಿ. ಬ್ಯಾಟರಿಯ ಚೀಲವನ್ನು ಕಿತ್ತೊಯ್ದು ಬಂಡೆಯ ಮೇಲಿನಿಂದ ಬೀಳಿಸಿದರೆ ಅದು ನೋಡಲು ಸರಿಯಿದ್ದರೂ ಮತ್ತೆ ಬಳಸಬಾರದು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಗುಡುಗು ಕೇಳಿದೊಡನೆ ಎಲ್ಲವನ್ನೂ ಕಳಚಿ ಕೆಳಗಿಳಿಯಬೇಕು ಎಂಬುದನ್ನು ಬ್ಯಾಟರಿಯ ಲೇಖನದಲ್ಲಿಯೂ ಹೇಳದಿರಲಾರೆ.

ಎಲ್‌ಎಫ್‌ಪಿಯ ವೋಲ್ಟೇಜ್ ಬಹುಕಾಲ 13.2 ಮತ್ತು 12.8ರ ನಡುವೆಯೇ ನಿಂತು ಕೊನೆಯಲ್ಲಿ ಥಟ್ಟನೆ ಕುಸಿಯುವುದರಿಂದ, ಎಷ್ಟು ಉಳಿದಿದೆ ಎಂದು ವೋಲ್ಟ್ ಮೀಟರ್ ನೋಡಿ ಹೇಳಲಾಗದು. ಬಳಸಿದ ಆಂಪಿಯರ್-ಅವರ್ ಎಣಿಸುವ ಚಿಕ್ಕ ವ್ಯಾಟ್ ಮೀಟರನ್ನು ನಡುವೆ ಹಾಕಿ, ರೇಡಿಯೊ ವಿದ್ಯುತ್ ಎಳೆಯುತ್ತಿರುವಾಗ 12 ವೋಲ್ಟ್ ಕಂಡರೆ ನಿಲ್ಲಿಸಿ.

ಮಾತಾಡಲು ಒತ್ತುವ ಪಿಟಿಟಿ ಗುಂಡಿಯನ್ನು ಒತ್ತಿದೊಡನೆ ರೇಡಿಯೊ ಆರಿಹೋಗುವ ತೊಂದರೆ ಲಿಥಿಯಂ ಬಳಸುವವರಲ್ಲಿ ಸಾಮಾನ್ಯ. ಕಾರಣ ಎರಡಿರಬಹುದು: ರೇಡಿಯೊ ಬಿಎಂಎಸ್‌ನ ಮಿತಿಗಿಂತ ಹೆಚ್ಚು ಎಳೆಯುತ್ತಿದೆ, ಅಥವಾ ಆಂಟೆನಾದಿಂದ ಹರಿದು ಬರುವ ರೇಡಿಯೊ ತರಂಗ ಬಿಎಂಎಸ್‌ನೊಳಗೆ ಹೊಕ್ಕು ಅದನ್ನು ದಾರಿ ತಪ್ಪಿಸುತ್ತಿದೆ. ಇವನ್ನು ಬೇರ್ಪಡಿಸಲು ಆಂಟೆನಾ ತೆಗೆದು, ಪ್ರಸಾರದ ಶಕ್ತಿಯನ್ನು ಶಾಖವಾಗಿ ನುಂಗಿಬಿಡುವ ಡಮ್ಮಿ ಲೋಡ್ ಹಾಕಿ ಪೂರ್ಣ ಶಕ್ತಿಯಲ್ಲಿ ಒತ್ತಿ ನೋಡಿ. ಆಗಲೂ ಆರಿದರೆ ಬ್ಯಾಟರಿಯ ಸಾಮರ್ಥ್ಯ ಸಾಲದು ಎಂದರ್ಥ. ಆರದಿದ್ದರೆ ತರಂಗವೇ ಕಾರಣ: ಬ್ಯಾಟರಿಯನ್ನು ಆಂಟೆನಾದ ಬುಡದಿಂದ ದೂರ ಸರಿಸಿ, ಕರೆಂಟಿನ ವೈರನ್ನು ಫೆರೈಟ್ ಉಂಗುರದಲ್ಲಿ ಏಳೆಂಟು ಸುತ್ತು ಸುತ್ತಿ, ಆಂಟೆನಾಗೆ ಹೋಗುವ ಕೋಆಕ್ಸ್ ಕೇಬಲ್ಲಿಗೂ ತರಂಗವನ್ನು ತಡೆಯುವ ಒಂದು ಚೋಕ್ ಹಾಕಿ. ಒಂದೇ ಕೊನೆಯಿಂದ ಊಡುವ ತಂತಿ ಆಂಟೆನಾಗಳಲ್ಲಿ ಈ ಕಾಟ ಹೆಚ್ಚು.

ಎರಡು ಬ್ಯಾಟರಿಗಳನ್ನು ಬೆಟ್ಟದ ಮೇಲೆ ಅಕ್ಕಪಕ್ಕ ಜೋಡಿಸಿ ಹೆಚ್ಚು ಹೊತ್ತು ಓಡಿಸುವ ಯೋಚನೆಯನ್ನು ಬಿಡಿ. ಒಂದು ತುಂಬಿದ್ದು, ಇನ್ನೊಂದು ಖಾಲಿಯಿದ್ದರೆ ಅವುಗಳ ನಡುವೆಯೇ ದೊಡ್ಡ ಪ್ರವಾಹ ನುಗ್ಗುತ್ತದೆ. ಒಂದು ಮುಗಿದ ಮೇಲೆ ಇನ್ನೊಂದನ್ನು ಹಾಕಿದರೆ ಆಯಿತು.

ಕೆಟ್ಟ ಲಕ್ಷಣ ಕಂಡರೆ

ಉಬ್ಬು, ಅಸಹಜ ಬಿಸಿ, ಸಿಹಿ ಮಿಶ್ರಿತ ಥಿನ್ನರ್‌ನಂಥ ವಾಸನೆ, ಸುಯ್ಯೆನ್ನುವ ಸದ್ದು, ಹೊಗೆ ಇವುಗಳಲ್ಲಿ ಯಾವುದು ಕಂಡರೂ ಆ ಬ್ಯಾಟರಿಯ ಬಳಕೆ ಅಲ್ಲಿಗೆ ಮುಗಿಯಿತು. ಇನ್ನೂ ಹೊಗೆಯಿಲ್ಲದಿದ್ದರೆ ವೈರ್ ಕಳಚಿ, ಬರಿಗಲ್ಲಿನ ಮೇಲೆ ದೂರವಿಟ್ಟು ಗಮನಿಸಿ. ಹೊಗೆ ಬಂದಿದ್ದರೆ ಮುಟ್ಟಲು ಹೋಗದೆ ಗಾಳಿ ಬೀಸಿ ಬರುವ ಕಡೆಗೆ ಸರಿಯಿರಿ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ. ಮನೆಯೊಳಗಾದರೆ ಎಲ್ಲರನ್ನೂ ಹೊರಗೆ ಕರೆದುಕೊಂಡು 112ಕ್ಕೆ ಕರೆ ಮಾಡಿ. ಲಿಥಿಯಂ ಬೆಂಕಿಗೆ ನೀರು ಹಾಕಬಾರದು ಎಂಬ ಮಾತು ಶುದ್ಧ ಲಿಥಿಯಂ ಲೋಹಕ್ಕೆ ಅನ್ವಯಿಸುವಂಥದ್ದು. ನಮ್ಮ ಬ್ಯಾಟರಿಗಳಲ್ಲಿ ಹಾಗೆ ಲೋಹದ ರೂಪದಲ್ಲಿ ಲಿಥಿಯಂ ಇರುವುದಿಲ್ಲವೆಂದೇ ಹೇಳಬೇಕು. ಚಾರ್ಜರಿನ ಪ್ಲಗ್ ಕಿತ್ತ ಮೇಲೆ, ಸುರಕ್ಷಿತ ದೂರದಿಂದ ಧಾರಾಳವಾಗಿ ನೀರು ಸುರಿದು ತಂಪು ಮಾಡುವುದೇ ಸರಿಯಾದ ಕ್ರಮ. ಮರಳು ಬೆಂಕಿಯನ್ನು ಸುತ್ತಮುತ್ತ ಹರಡದಂತೆ ತಡೆಯುತ್ತದೆ, ಒಳಗಿನ ಶಾಖವನ್ನು ತೆಗೆಯುವುದಿಲ್ಲ. ಆರಿದಂತೆ ಕಂಡ ಪ್ಯಾಕ್ ಗಂಟೆಗಳ ನಂತರ ಮತ್ತೆ ಹೊತ್ತಿಕೊಳ್ಳಬಲ್ಲದು. ಅದನ್ನು ಚೀಲಕ್ಕೆ ಹಾಕಿಕೊಂಡು ಬೆಟ್ಟ ಇಳಿಯುವ ಸಾಹಸ ಮಾಡಬಾರದು.

ಎತ್ತಿಡುವುದು, ಸಾಗಿಸುವುದು, ಬಿಡುವುದು

ತಿಂಗಳುಗಟ್ಟಲೆ ಬಳಸದಿರುವಾಗ ಅರ್ಧ ಚಾರ್ಜಿನಲ್ಲಿ, ರೇಡಿಯೊದಿಂದ ಕಳಚಿ, ತಣ್ಣನೆಯ ಒಣ ಜಾಗದಲ್ಲಿಡಿ. ಕೆಲವು ತಿಂಗಳಿಗೊಮ್ಮೆ ಅಳೆದು ನೋಡಿ, ಇಳಿದಿದ್ದರೆ ಸ್ವಲ್ಪ ತುಂಬಿಸಿ. ಮೊಬೈಲ್ ವಂಶದ ಸೆಲ್ ಒಂದು 2 ವೋಲ್ಟ್‌ಗಿಂತ ಕೆಳಗಿಳಿದು ಬಹುಕಾಲ ಬಿದ್ದಿದ್ದರೆ ಅದಕ್ಕೆ ಮತ್ತೆ ಚಾರ್ಜ್ ಕೊಡಬೇಡಿ. ಒಳಗೆ ಕರಗಿದ ತಾಮ್ರ ಶಾರ್ಟ್‌ಗೆ ದಾರಿ ಮಾಡಿರಬಹುದು.

ವಿಮಾನದಲ್ಲಿ ಹೋಗುವವರು ಬಿಡಿ ಬ್ಯಾಟರಿಯನ್ನು ಕೈಚೀಲದಲ್ಲಿ ಮಾತ್ರ, ಟರ್ಮಿನಲ್‌ಗಳಿಗೆ ಟೇಪ್ ಅಂಟಿಸಿ ಒಯ್ಯಬೇಕು. 100 ವ್ಯಾಟ್-ಅವರ್‌ವರೆಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ, 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. 12.8 ವೋಲ್ಟ್‌ನ 7 ಆಂಪಿಯರ್-ಅವರ್ ಬ್ಯಾಟರಿ 89.6 ಆಗುತ್ತದೆ, 8 ಆಂಪಿಯರ್-ಅವರ್‌ನದು 102.4, ಬೆಟ್ಟಗಳಾಚೆಗೂ ಹೋಗುವ ಮನಸ್ಸಿರುವವರು ಕೊಳ್ಳುವಾಗಲೇ ಈ ಲೆಕ್ಕ ಹಾಕುವುದು ಜಾಣತನ.

ಆಯಸ್ಸು ಮುಗಿದ ಬ್ಯಾಟರಿಯನ್ನು ಪಾಲಿಕೆಯ ಕಸದ ಆಟೊಗೆ ಒಣಕಸವೆಂದು ಹಾಕಬಾರದು. ಕಸ ಒತ್ತುವ ಯಂತ್ರದಲ್ಲಿ ಸಿಕ್ಕಿ ಅದು ಹೊತ್ತಿಕೊಂಡರೆ ಸುಡುವುದು ಪೌರಕಾರ್ಮಿಕರ ಕೈ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಬ್ಯಾಟರಿಯನ್ನು ಮರಳಿ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಪ್ಯಾಕನ್ನು ಬಲ್ಬಿನ ಮೂಲಕ ಖಾಲಿ ಮಾಡಿ, ಟರ್ಮಿನಲ್‌ಗಳಿಗೆ ಟೇಪ್ ಸುತ್ತಿ, ಕೊಂಡ ಅಂಗಡಿಗೋ ಪರವಾನಗಿ ಪಡೆದ ಇ-ತ್ಯಾಜ್ಯ ಸಂಗ್ರಹಕಾರರಿಗೋ ಕೊಡಿ. ಉಬ್ಬಿದ ಪ್ಯಾಕಾದರೆ ಖಾಲಿ ಮಾಡಲು ಹೋಗದೆ, ಒಣ ಮರಳು ತುಂಬಿದ ಲೋಹದ ಡಬ್ಬಿಯಲ್ಲಿಟ್ಟು, ಮುಚ್ಚಳವನ್ನು ಬಿಗಿ ಮಾಡದೆ ಒಯ್ಯಿರಿ.